ಸೇತುವೆ ದಾಟಿದ ಮೇಲೆ

ಒಂದು ದಿನ ಎಲ್ಲಾದರೂ ಹೋಗಿ ಬನ್ನಿ ಎಂದು ಹಟ ಹಿಡಿದವಳು ನಾದಿನಿ.

"ಇಬ್ರೂ ಒಗೆದು ಹಿಂಡಿಟ್ಟ ಬಟ್ಟೆ ಥರ ಆಗಿದೀರ ಅತ್ತಿಗೆ. ಅಮ್ಮನ್ನ ನಾನು ನೋಡ್ಕೋತೀನಿ. ನಾನೂ ಅವಳ ಹೊಟ್ಟೇಲಿ ಹುಟ್ಟಿದವಳೇ ತಾನೆ?"

ಅತ್ತೆ ಲಕ್ವ ಹೊಡೆದು ಹಾಸಿಗೆ ಹಿಡಿದು ಮೂರನೇ ವರ್ಷ ನಡೆಯುತ್ತಿತ್ತು. ಗಂಡನದು ಬೀಗ ರಿಪೇರಿಯ ಅಂಗಡಿ; ಅಂಗಡಿಯೆಂದರೆ ಎರಡು ಕಟ್ಟಡಗಳ ನಡುವಿನ ಸಂದಿ. ಸ್ಟೂಲಿನ ಮೇಲೆ ಕೂತರೆ ಎರಡೂ ಮೊಣಕೈ ಗೋಡೆಗೆ ತಾಗುತ್ತಿದ್ದವು. ಹೆಂಡತಿ ಮನೆಯಲ್ಲೇ ಹೊಲಿಗೆ ಮಷೀನಿನ ಮುಂದೆ. ಉದ್ದವಾದ ಪ್ಯಾಂಟು ಗಿಡ್ಡ ಮಾಡುವುದು, ಕೆಟ್ಟ ಜಿಪ್ಪು ಬದಲಿಸುವುದು ಅವಳ ಕೆಲಸ. ಒಂದು ಕಾಲು ಹೊಲಿಯುವಷ್ಟರಲ್ಲಿ ಒಳಗಿಂದ ಅತ್ತೆ ನರಳುತ್ತಿದ್ದಳು. ಎದ್ದು ಹೋಗಿ ಮಗ್ಗುಲು ಬದಲಿಸಿ, ಬಾಯಿಗೆ ನೀರು ಬಿಟ್ಟು ಬಂದು ಮತ್ತೆ ಮಷೀನು. ಹಾಗೇ ಒಮ್ಮೆ ಒಬ್ಬ ಗಿರಾಕಿಯ ಪ್ಯಾಂಟಿನ ಒಂದೇ ಕಾಲನ್ನು ಎರಡು ಸಲ ಗಿಡ್ಡ ಮಾಡಿಟ್ಟಿದ್ದಳು.

ನದಿ ದಡದಲ್ಲಿ ಬಾಡಿಗೆ ದೋಣಿಯವನು ಮೋಟಾರಿನ ಹಗ್ಗ ಎಳೆದು ತೋರಿಸಿದ. "ಇದಕ್ಕೆ ಬ್ರೇಕಿಲ್ಲಮ್ಮ. ಜಗಳ ಆಡೋದಿದ್ರೆ ಕೂತ್ಕೊಂಡೇ ಆಡಿ, ಎದ್ದು ನಿಂತ್ರೆ ಮಗುಚುತ್ತೆ. ಸೇತುವೆ ದಾಟ್ಬೇಡಿ, ಪೆಟ್ರೋಲು ಅಷ್ಟಕ್ಕೇ ಇರೋದು."

ಜಗಳವಾಡಲು ಇಬ್ಬರಲ್ಲೂ ತ್ರಾಣವಿರಲಿಲ್ಲ. ಗಂಡ ಮೋಟಾರಿನ ಹಿಡಿ ಹಿಡಿದು ಪ್ರವಾಹಕ್ಕೆ ಎದುರಾಗಿ ನಡೆಸಿದ. ಬಹಳ ದಿನದ ಮೇಲೆ ಎದುರುಬದುರು ಕೂತಿದ್ದರು, ಆದರೆ ಮಾತು ಸುತ್ತಿ ಸುತ್ತಿ ಮನೆಗೇ ಹೋಗುತ್ತಿತ್ತು.

"ಒಣಗಿದ ಟವಲ್ಲು ಎಲ್ಲಿದೆ ಅಂತ ಹೇಳಿದೀಯಾ ಅವಳಿಗೆ?"

"ಹೇಳಿದೀನಿ."

"ಮಾತ್ರೆ?"

"ಅದೂ ಹೇಳಿದೀನಿ ರೀ."

ಗಂಡನಿಗೆ ಆಕಳಿಕೆ ಬಂತು, ಅದರ ಬೆನ್ನಿಗೇ ಇನ್ನೊಂದು. "ಸ್ವಲ್ಪ ಹಿಡ್ಕೋತೀಯಾ? ಕಣ್ಣು ಎಳೀತಿದೆ," ಎಂದು ಹಿಡಿಯನ್ನು ಅವಳಿಗೆ ಕೊಟ್ಟು, ಚೀಲವನ್ನು ತಲೆಗಿಟ್ಟುಕೊಂಡು ದೋಣಿಯ ತಳದಲ್ಲಿ ಮುದುಡಿಕೊಂಡ.

ಹಿಡಿಯ ನಡುಕ ಅವಳ ಅಂಗೈಯಲ್ಲಿ ತುಂಬಿಕೊಂಡಿತು. ಯಾರೂ ಕರೆಯುತ್ತಿರಲಿಲ್ಲ. ಕರೆದರೂ ಮೋಟಾರಿನ ಸದ್ದಿಗೆ ಕೇಳಿಸುತ್ತಿರಲಿಲ್ಲ. ಸೇತುವೆ ದೂರದಿಂದ ಕಂಡಿತು, ಹತ್ತಿರ ಬಂತು, ಅದರ ತಣ್ಣನೆಯ ನೆರಳು ಇಬ್ಬರ ಮೇಲೂ ಹಾದು ಹಿಂದೆ ಉಳಿಯಿತು. ಅವಳು ಹಿಡಿಯನ್ನು ಅಲುಗಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಮೋಟಾರು ಕೆಮ್ಮಿ ನಿಂತಿತು. ಗಂಡ ಕಣ್ಣು ಬಿಟ್ಟು ಎದ್ದು ಕೂತ. ಎರಡೂ ದಡದಲ್ಲಿ ಜೊಂಡು ಬಿಟ್ಟರೆ ಬೇರೇನಿಲ್ಲ.

"ಸೇತುವೆ ದಾಟಿಬಿಟ್ಟೆ," ಎಂದಳು. "ತಿರುಗಿಸ್ಬೇಕು ಅಂತ ಗೊತ್ತಿತ್ತು ರೀ. ಕೈ ಬರ್ಲಿಲ್ಲ."

ಗಂಡ ಮುಖ ಒರೆಸಿಕೊಂಡ. "ಗೊತ್ತು. ನೆರಳು ಬಿದ್ದಾಗ ಎಚ್ಚರ ಆಗಿತ್ತು."

"ಮತ್ತೆ ಹೇಳ್ಲಿಲ್ಲ?"

"ಹೇಳಿದ್ರೆ ತಿರುಗಿಸಿಬಿಡ್ತಿದ್ದೆ ನೀನು."

ದೋಣಿ ತಾನಾಗಿ ಹೊರಳಿ, ಬಂದ ದಾರಿಯಲ್ಲೇ ಹಿಂದಕ್ಕೆ ತೇಲತೊಡಗಿತು. ಅವಳು ನೀರು ನೋಡುತ್ತ ಹೇಳಿದಳು: "ಬೆಳಗ್ಗೆ ಅತ್ತೆ ರೂಮಿನ ಬಾಗಿಲಲ್ಲಿ ನಿಂತು, ಉಸಿರಾಟ ಇದೆಯಾ ಅಂತ ಕಿವಿ ಕೊಡ್ತೀನಿ. ಇದೆ ಅಂತ ಗೊತ್ತಾದಾಗ ನನಗೆ ಏನನ್ಸುತ್ತೆ ಅಂತ ಮಾತ್ರ ಕೇಳ್ಬೇಡಿ."

"ಕೇಳಲ್ಲ." ಅವನು ಚೀಲವನ್ನು ಪಕ್ಕಕ್ಕೆ ಸರಿಸಿದ. "ನಾನು ಆ ಬಾಗಿಲ ತನಕವೂ ಬರಲ್ವಲ್ಲ. ಅಂಗಡಿ ತೆಗೀಬೇಕು ಅಂತ ಓಡಿಬಿಡ್ತೀನಿ. ಬೆಳಗಾಗೆದ್ದು ಯಾರು ಕೀ ಮಾಡಿಸೋಕೆ ಬರ್ತಾರೆ ಹೇಳು."

ಅವಳಿಗೆ ನಗು ಬಂತು. ನಗುವಷ್ಟು ಶಕ್ತಿಯಿಲ್ಲದೆ ಅದು ನಿಟ್ಟುಸಿರಾಗಿ ಮುಗಿಯಿತು. ಅವನು ತಳದಲ್ಲಿದ್ದ ಹುಟ್ಟು ಎತ್ತಿಕೊಂಡ. ಅವನ ಕೈ ಸೋತಾಗ ಅವಳು, ಅವಳ ಕೈ ಸೋತಾಗ ಅವನು, ಹಾಗೆ ದಡ ಮುಟ್ಟುವ ಹೊತ್ತಿಗೆ ಬಿಸಿಲು ಇಳಿದಿತ್ತು. ದೋಣಿಯವನು ಬಾಯಿಗೆ ಬಂದಂತೆ ಬೈದ. ಇಬ್ಬರೂ ತಲೆ ತಗ್ಗಿಸಿ ಬೈಸಿಕೊಂಡರು.

ಮನೆಯ ಬಾಗಿಲು ತೆಗೆದ ನಾದಿನಿಯ ಕೂದಲು ಕೆದರಿತ್ತು, ಒಂದು ತೋಳು ಪೂರ್ತಿ ಒದ್ದೆ. ಬೆಳಗಿನ ಉತ್ಸಾಹ ಇಂಗಿಹೋಗಿತ್ತು.

"ಒಬ್ಬರೇ ಅಮ್ಮನ್ನ ಹೇಗೆ ಎತ್ತುತ್ತೀರ ಅತ್ತಿಗೆ?" ಎಂದಳು. ಉತ್ತರಕ್ಕೆ ಕಾಯದೆ ಚಪ್ಪಲಿ ಮೆಟ್ಟಿದಳು. ಮತ್ತೆ ಯಾವಾಗ ಬರುತ್ತೇನೆಂದು ಅವಳು ಹೇಳಲಿಲ್ಲ, ಇವರೂ ಕೇಳಲಿಲ್ಲ.

ಹೆಂಡತಿ ಸೆರಗು ಸಿಕ್ಕಿಸಿಕೊಂಡು ಅತ್ತೆಯ ರೂಮಿನ ಕಡೆ ಹೊರಟಾಗ ಗಂಡ ಅಡ್ಡ ನಿಂತ. "ನೀನು ಮಲಕ್ಕೋ. ಗಂಜಿ ನಾನು ಕುಡಿಸ್ತೀನಿ."

"ನಿಮಗೆ ಬರಲ್ಲ."

"ಬರಲ್ಲ. ಮಲಕ್ಕೋ."

ಅವಳು ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಪಕ್ಕದ ರೂಮಿನಲ್ಲಿ ಚಮಚ ಬಟ್ಟಲಿಗೆ ತಾಗುವುದು ಕೇಳಿಸಿತು. ಕುತ್ತಿಗೆಯ ಹಿಂದೆ ಕೈ ಕೊಡದಿದ್ದರೆ ಅತ್ತೆಗೆ ನೆತ್ತಿಗೆ ಹತ್ತುತ್ತದೆ ಎಂದು ಹೇಳಲು ಮರೆತಿದ್ದಳು. ಕೆಮ್ಮು ಶುರುವಾಯಿತು. ಚಮಚ ನೆಲಕ್ಕೆ ಬಿತ್ತು. ಅವನು ಗಾಬರಿಯಲ್ಲಿ "ಅಮ್ಮಾ, ಅಮ್ಮಾ" ಎನ್ನುತ್ತಿದ್ದ. ಆಮೇಲೆ ಮಂಚ ಕಿರುಗುಟ್ಟಿತು. ತಾಯಿಯನ್ನು ಎತ್ತಿ ಎದೆಗೆ ಒರಗಿಸಿಕೊಂಡಿರಬೇಕು. ಕೆಮ್ಮು ನಿಧಾನವಾಗಿ ಇಳಿಯಿತು.

ಅವಳು ಹೊದಿಕೆಯನ್ನು ಕಿವಿಯ ಮೇಲಕ್ಕೆ ಎಳೆದುಕೊಂಡಳು.