ಕೂಲಿಗೆ ಬಂದ ಗಲಭೆ

"ಏ ಮುದಿ ಗೂಬೆ, ಹಾಸಿಗೆ ಮೇಲೆ ಮಲಗೋ ಥರ ಮಲಗ್ತೀಯಲ್ಲೇ! ಏಟು ತಿಂದೋಳು ಹಾಗೆ ಬೀಳ್ತಾಳಾ? ಏಳು. ಇನ್ನೊಂದ್ಸಲ ಸಾಯಿ."

ಕೊರಳಲ್ಲಿ ಸೀಟಿ ನೇತುಹಾಕಿಕೊಂಡಿದ್ದ ಪೊಲೀಸಿನವನು ಬೂಟಿನ ತುದಿಯಿಂದ ಮಗ್ಗುಲು ತಿವಿದ. ಗಾರೆ ಕೆಲಸದವಳು ಮಣ್ಣು ಕೊಡವಿಕೊಂಡು ಎದ್ದಳು.

"ಇಪ್ಪತ್ತು ವರ್ಷ ಸಾರವೆ ಹತ್ತಿ ಇಳಿದಿದೀನಿ ಸಾಹೇಬ್ರೇ, ಒಂದಿನಾನೂ ಬಿದ್ದಿಲ್ಲ. ಅಭ್ಯಾಸ ಇಲ್ಲ."

ಹಿಂದಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

"ಹಲ್ಲು ಕಿರೀಬೇಡ್ರೇ ಲೌಡಿಗಳಾ. ದೊಡ್ಡ ಸಾಹೇಬ್ರು ನೋಡ್ತಾ ಇದಾರೆ."

ಗಲಭೆ ಅಡಗಿಸಲು ಇಡೀ ದೇಶಕ್ಕೆ ಒಂದೇ ಪೊಲೀಸ್ ಪಡೆ. ಎಲ್ಲಿ ಜನ ಸೇರಿ ದನಿ ಎತ್ತಿದರೂ ಲಾರಿ ತುಂಬಿಕೊಂಡು ಬಂದು ಇಳಿಯುತ್ತದೆ. ಪಡೆಯವರನ್ನು ಅವರವರ ಊರಿಗೆ ಹಾಕುವುದಿಲ್ಲ. ಗುರುತಿನ ಮುಖ ಕಂಡರೆ ಕೈ ಏಳುವುದಿಲ್ಲವಂತೆ. ಈ ಊರಾಚೆಯ ಮೈದಾನದಲ್ಲಿ ಅದು ಡೇರೆ ಹಾಕಿ ನಾಲ್ಕು ದಿನವಾಗಿತ್ತು. ಯಾಕೆ ಬಂದಿದೆ ಎಂದು ಯಾರೂ ಹೇಳಿರಲಿಲ್ಲ. ತಾಲೀಮಿಗೆ ಒಂದು ಗುಂಪು ಬೇಕಾಗಿತ್ತು. ಬೆಳಗ್ಗೆ ಮೇಸ್ತ್ರಿ ಮೋರಿ ಪಕ್ಕದ ಇವರ ಗುಡಿಸಲುಗಳಿಗೇ ಬಂದು, "ಇವತ್ತು ಇಟ್ಟಿಗೆ ಹೊರೋದಿಲ್ಲ ಕಣ್ರೇ. ಕಿರುಚೋದು, ಓಡೋದು, ಬೀಳೋದು, ಅಷ್ಟೇ. ಮಧ್ಯಾಹ್ನ ಊಟಾನೂ ಇದೆ" ಅಂದಾಗ ಗಾರೆಯವಳೇ ಮೊದಲು ಹೊರಟಿದ್ದಳು. ಮಗು ಮಲಗಿದೆ ಎಂದ ನಾದಿನಿಯನ್ನೂ, ಅಜ್ಜಿ ನೋಡ್ಕೋತಾಳೆ ಎಂದು ಎಳೆದುಕೊಂಡು ಬಂದಿದ್ದಳು.

ಮೈದಾನದ ತುಂಬ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ್ದರು. ಚೌಕಗಳು ಮನೆಗಳಂತೆ, ನಡುವಿನ ಜಾಗ ಬೀದಿಯಂತೆ. ಸೀಟಿ ಊದಿದರೆ ಇವರು ಬಟ್ಟೆ ಉಂಡೆ ಎಸೆಯಬೇಕು. ಎರಡನೇ ಸೀಟಿಗೆ ಗುರಾಣಿಯ ಸಾಲು ನುಗ್ಗುತ್ತದೆ. ಇವರು ಬೀದಿಯಲ್ಲಿ ಓಡಿ, ಮೋರಿಯೆಂದು ಗೆರೆ ಎಳೆದ ಕಡೆ ತಪ್ಪಿಸಿಕೊಳ್ಳಬೇಕು. ಅಲ್ಲಿ ಇನ್ನೊಂದು ಸಾಲು ಕಾದು ನಿಂತಿರುತ್ತದೆ.

"ಏನಂತ ಕೂಗೋದು ಸಾರ್?" ನಾದಿನಿ ಕೇಳಿದಳು.

"ಏನಾದ್ರೂ ಬೊಗಳು. ನಿಮ್ಮಂಥೋರಿಗೆ ಅದನ್ನೂ ಹೇಳ್ಕೊಡ್ಬೇಕಾ?"

ಸೀಟಿ ಎರಡನೇ ಸಲ ಕೂಗಿತು. ಗಾರೆಯವಳು ಓಡಿದಳು. ಮೂರು ಚೌಕ ದಾಟಿ ಬಲಕ್ಕೆ ಹೊರಳುವಾಗ, ಯೋಚಿಸದೆಯೇ ಭುಜ ಓರೆ ಮಾಡಿಕೊಂಡಳು. ಎದುರಿಗೆ ಗೋಡೆ ಇರಲಿಲ್ಲ, ಗೆರೆಯಷ್ಟೇ ಇತ್ತು. ಆದರೂ ಮೈಗೆ ಗೊತ್ತಾಗಿಹೋಗಿತ್ತು.

ಅವಳು ನಿಂತುಬಿಟ್ಟಳು. ಪಾಯ ಅಗೆಯುವ ಮುಂಚೆ ಹಾಕುವ ಸುಣ್ಣದ ಗುರುತಿನ ಮೇಲೆ ಅವಳ ಅರ್ಧ ಆಯಸ್ಸು ಕಳೆದಿತ್ತು. ಗೆರೆ ನೋಡಿ ಇದು ಅಡುಗೆ ಮನೆ, ಇದು ಬಚ್ಚಲು ಎಂದು ಹೇಳಬಲ್ಲವಳು. ಈಗ ಒಂದೊಂದಾಗಿ ಓದಿದಳು. ಆ ಸೊನ್ನೆ ನಲ್ಲಿಯದು. ಮಂಚ ಸಾಗಿಸಬೇಕಾದರೆ ನಿಲ್ಲಿಸಿಕೊಂಡೇ ಹೋಗಬೇಕಾದ ಇಕ್ಕಟ್ಟು ಇದು. ಬಂಡೆ ಅಡ್ಡ ಬಂತೆಂದು ತಾನೂ ಗಂಡನೂ ಸೊಟ್ಟಗೆ ಎಬ್ಬಿಸಿದ ಗೋಡೆ ಅಗೋ ಅಲ್ಲಿ, ಅದೇ ಸೊಟ್ಟದಲ್ಲಿ.

ಮನೆ ಖಾಲಿ ಮಾಡಿ ಎಂದು ನಲ್ಲಿ ಕಂಬಕ್ಕೆ ನೋಟೀಸು ಅಂಟಿಸಿ ತಿಂಗಳಾಗಿತ್ತು. "ಕಾಗದ ಏನು ಕಚ್ಚುತ್ತಾ?" ಎಂದು ವಾರ್ಡಿನ ಮೆಂಬರು ನಕ್ಕುಬಿಟ್ಟಿದ್ದ.

ನಿಂತವಳ ಬೆನ್ನಿಗೆ ಗುರಾಣಿ ಬಡಿಯಿತು. ಈ ಸಲ ನಿಜವಾಗಿಯೇ ಬಿದ್ದಳು.

"ಹಾಂ, ಇದು ಬೀಳೋ ರೀತಿ!" ಸೀಟಿಯವನು ಚಪ್ಪಾಳೆ ತಟ್ಟಿದ.

ದೊಡ್ಡ ಸಾಹೇಬ ಪಡೆಯವರನ್ನು ಸಾಲಾಗಿ ನಿಲ್ಲಿಸಿದ. ಕೂಲಿಯವರು ಹತ್ತಿರವೇ ನೀರು ಕುಡಿಯುತ್ತಿದ್ದರು. ಅವರಿಗೂ ಕಿವಿ ಇದೆ ಎನ್ನುವುದು ಅವನ ಲೆಕ್ಕದಲ್ಲೇ ಇರಲಿಲ್ಲ.

"ನಾಡಿದ್ದು ಬೆಳಗ್ಗೆ ಆರಕ್ಕೆ. ಅಲ್ಲಿರೋರು ಇವರ ಥರ ನಗ್ತಾ ಬೀಳಲ್ಲ, ನೆನಪಿರಲಿ. ಹೆಂಗಸರನ್ನ ಮುಂದೆ ಬಿಡ್ತಾರೆ. ಕೈ ಹಿಂದೆಗೀಬೇಡಿ."

ಗಾರೆಯವಳು ಲೋಟ ಕೆಳಗಿಟ್ಟು, ಸೊಟ್ಟ ಗೋಡೆಯ ಚೌಕದೊಳಕ್ಕೆ ನಡೆದು ಚಕ್ಕಳಮಕ್ಕಳ ಹಾಕಿ ಕೂತಳು.

"ಅತ್ತಿಗೇ, ಏಳೇ. ಕೂಲಿ ಹಿಡೀತಾರೆ."

"ಹಿಡೀಲಿ. ಇದು ನಮ್ಮನೆ ಕಣೇ. ಅಗೋ ನಲ್ಲಿ. ಅದರ ಪಕ್ಕ ನಿಂದು. ಸರಿಯಾಗಿ ನೋಡು."

ನಾದಿನಿ ನೋಡಿದಳು. ಹೋಗಿ ತನ್ನ ಚೌಕದಲ್ಲಿ ಕೂತಳು. ಮಾತು ಬಾಯಿಂದ ಬಾಯಿಗೆ ಹೋಯಿತು. ಹೆಂಗಸರು ಒಬ್ಬೊಬ್ಬರೇ ಗೆರೆಗಳ ನಡುವೆ ಹುಡುಕುತ್ತ, "ಇದಲ್ಲ, ಆಚೆದು ನಿಂದು" ಎಂದು ಒಬ್ಬರಿಗೊಬ್ಬರು ತೋರಿಸುತ್ತ, ತಂತಮ್ಮ ಮನೆ ಸೇರಿದರು.

ಸೀಟಿ ಕೂಗಿತು. ಯಾರೂ ಏಳಲಿಲ್ಲ.

"ಏನ್ರೇ ಇದು ನಾಟಕ? ಏಳ್ರೇ ಸೂಳೇರಾ!" ಸೀಟಿಯವನು ಗೆರೆ ತುಳಿದುಕೊಂಡು ಬಂದು ಗಾರೆಯವಳ ತಲೆಯ ಮೇಲೆ ಲಾಠಿ ಎತ್ತಿದ.

"ಲೋ!" ಗಾರೆಯವಳು ಕೂತಲ್ಲಿಂದಲೇ ಗದರಿದಳು. "ಗೋಡೆ ತುಳ್ಕೊಂಡು ಒಳಗೆ ಬರ್ತೀಯಲ್ಲೋ, ನಿಮ್ಮಮ್ಮ ಅಷ್ಟೂ ಕಲಿಸಿಲ್ವಾ? ಬಾಗಿಲು ಆ ಕಡೆ ಇದೆ. ಆಚೆ ಹೋಗಿ, ಕೂಗಿ, ಆಮೇಲೆ ಬಾ."

ಅವನು ಕಾಲ ಬುಡ ನೋಡಿಕೊಂಡ. ಅವನಿಗೇ ತಿಳಿಯದೆ ಒಂದು ಬೂಟು ಹಿಂದಕ್ಕೆ ಸರಿದು ಗೆರೆಯ ಆಚೆ ಹೋಯಿತು.

"ಏನು ನೋಡ್ತಾ ನಿಂತಿದೀಯೋ!" ಹಿಂದಿನಿಂದ ದೊಡ್ಡ ಸಾಹೇಬ ಅರಚಿದ. "ಸಾಲು, ಮುಂದಕ್ಕೆ!"

ಗುರಾಣಿಗಳು ಒಂದಕ್ಕೊಂದು ತಾಗಿ ಕಟಕಟ ಎಂದವು. ಪಕ್ಕದ ಚೌಕದಿಂದ ನಾದಿನಿ ಕೂಗಿದಳು:

"ಮೆಲ್ಲಗೆ ಬನ್ರೋ, ಒಳಗೆ ಮಗು ಮಲಗಿದೆ."