ಚಕ್ರದ ಅಂಚು

"ಸ್ವಲ್ಪ ಎಡಕ್ಕೆ... ಇನ್ನೂ ಒಂಚೂರು," ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಮಾದರಿ ರೈಲು ಸಂಘದ ಕಾರ್ಯದರ್ಶಿ, ಶವದ ತಲೆಯ ಪಕ್ಕದ ಮೇಜಿನ ಮೇಲೆ ಎಂಟು ಪುಟಾಣಿ ಗೂಡ್ಸ್ ವ್ಯಾಗನ್‌ಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ತೀರಿಕೊಂಡವರ ಮಗಳು ಕಾರ್ಯದರ್ಶಿಯ ಬೆರಳುಗಳನ್ನೇ ನೋಡುತ್ತಿದ್ದಳು. ಒಂದನ್ನಾದರೂ ಮಗುಚಿ ನೋಡಿದರೆ ಮುಗಿಯಿತು.

ನೋಡಲಿಲ್ಲ. ಜೇಬಿನಿಂದ ಕಾರ್ಡೊಂದನ್ನು ತೆಗೆದು ಓದಿದರು: "'ಅಸಲಿ ವ್ಯಾಗನ್ನಿನ ಎಂಬತ್ತೇಳರಲ್ಲಿ ಒಂದು ಪಾಲು. ಯಾವ ಅಳತೆಯಲ್ಲೂ ಕೂದಲೆಳೆಯ ವ್ಯತ್ಯಾಸವಿಲ್ಲ.' ಸರಿನಾ ಅಮ್ಮ?"

"ಸರಿ ಇಲ್ದೇ ಇದ್ರೆ ಎದ್ದು ಬಂದು ತಿದ್ದಾರು," ಎಂದರು ತಾಯಿ. "ಹೆಣ್ಣು ನೋಡೋಕೆ ಬಂದಾಗ ನನ್ನ ಮುಖಾನೇ ನೋಡ್ಲಿಲ್ಲ. ನಿಮ್ಮನೆ ಬಾಗಿಲು ವಾಲಿದೆ ಅಂದ್ರು."

ಸುತ್ತಲಿದ್ದವರು ನಕ್ಕು, ನಗಬಾರದಿತ್ತೇನೋ ಎಂದು ತಲೆ ತಗ್ಗಿಸಿದರು. ಮಗಳು ನಗಲಿಲ್ಲ. ಗೋಡೆಗೊರಗಿ ನಿಂತಿದ್ದ ವಾಚ್ ರಿಪೇರಿ ಮಾಮನೂ ನಗಲಿಲ್ಲ. ಇಬ್ಬರ ಕಣ್ಣು ಕೂಡಿದಾಗ ಮಾಮ, ಬೇಡ, ಎಂಬಂತೆ ತಲೆಯಾಡಿಸಿದರು.

*

ಮೂವತ್ತು ವರ್ಷ ಅಸಲಿ ವ್ಯಾಗನ್‌ಗಳ ಚಕ್ರ ತಪಾಸಣೆ ಮಾಡಿದ್ದ ಅಪ್ಪ, ಮನೆಯಲ್ಲೂ ಚಕ್ರವನ್ನು ಅದೇ ಲೆಕ್ಕಕ್ಕೆ ಕಡೆಯುತ್ತಿದ್ದರು. ಚಕ್ರವನ್ನು ಹಳಿಯ ಮೇಲೆ ಹಿಡಿದಿಡುವ ಅಂಚು ಆ ಲೆಕ್ಕದಲ್ಲಿ ಕಂಡೂ ಕಾಣದಷ್ಟಾಗುತ್ತಿತ್ತು. ಮೇಜಿನ ಮೇಲಿನ ಕಿರುತಿರುವಿನಲ್ಲಿ ವ್ಯಾಗನ್ ಉರುಳದೆ ಇನ್ನೇನು? ಸಂಘದವರೆಲ್ಲ ಅಂಚು ಎತ್ತರಿಸಿ ಓಡಿಸಿದರು. ಅಪ್ಪನವು ಗಾಜಿನ ಕಪಾಟಿನಲ್ಲಿ ನಿಂತೇ ಇದ್ದವು.

ಮೂರು ವಾರದ ಹಿಂದೆ ಹಾಸಿಗೆಯಿಂದಲೇ ಕೇಳಿದರು: "ಒಂದ್ಸಲ ಓಡೋದು ನೋಡ್ಬೇಕು ಕಣೇ."

ಅವಳು ವ್ಯಾಗನ್‌ಗಳನ್ನು ಚೀಲದಲ್ಲಿಟ್ಟುಕೊಂಡು ಮಾಮನ ಅಂಗಡಿಗೆ ಹೋದಳು. ಮೂವತ್ತೆರಡು ಚಕ್ರಗಳ ಜಾಗಕ್ಕೂ ಎತ್ತರದ ಅಂಚಿನವು ಬಂದವು. ಹಾಸಿಗೆಯ ಪಕ್ಕದಲ್ಲಿ ಹಾಸಿದ ಹಳಿಯ ಮೇಲೆ ರೈಲು ತಿರುವು ದಾಟಿತು.

"ಚಕ್ರ ನನ್ನವೇ ತಾನೆ?"

"ನಿಮ್ಮವೇ ಅಪ್ಪ."

"ಇನ್ನೊಂದು ಸುತ್ತು ಬಿಡು," ಎಂದರು. ಮತ್ತೆ ಕೇಳಲಿಲ್ಲ.

*

"ಗಾಡಿ ಬಂತು," ಎಂದು ಯಾರೋ ಬಾಗಿಲಿನಿಂದ ಕೂಗಿದರು. ಕಾರ್ಯದರ್ಶಿ ಅವಸರದಿಂದ ಕಾರ್ಡನ್ನು ವ್ಯಾಗನ್‌ಗಳ ಮುಂದೆ ನಿಲ್ಲಿಸಿ ಫೋನು ಹಿಡಿದರು. "ಒಂದು ಫೋಟೋ. ಸಂಘದ ಪತ್ರಿಕೆಗೆ."

"ತಡೀರಿ," ಎಂದಳು ಮಗಳು. "ಅದು ಸುಳ್ಳು."

"ಈಗ್ಯಾಕೆ ಮಗೂ?" ಮಾಮ ಗೋಡೆ ಬಿಟ್ಟು ಮುಂದೆ ಬಂದರು. "ಯಾರಿಗೇನು ನಷ್ಟ?"

"ಅಪ್ಪನ ಹೆಸರಲ್ಲಿ ಬರ್ದಿದಾರಲ್ಲ ಮಾಮ."

ತಾಯಿ ತಲೆ ಎತ್ತಿದರು. "ಏನೇ ಸುಳ್ಳು?"

"ಚಕ್ರ. ನಾನೇ ಬದಲಾಯಿಸ್ದೆ. ಅಪ್ಪ ಕೇಳ್ದಾಗ ನಿಮ್ಮವೇ ಅಂದೆ."

ತಾಯಿ ವ್ಯಾಗನ್‌ಗಳತ್ತ ನೋಡಿದರು.

"ಅವರಿಗೆ ಗೊತ್ತಾಯ್ತಾ?"

"ಗೊತ್ತಿಲ್ಲಮ್ಮ."

ಕಾರ್ಯದರ್ಶಿಯ ಜೇಬಿನ ಪೆನ್ನನ್ನು ಅವಳೇ ಎಳೆದುಕೊಂಡಳು. ಸಾಲುಗಳ ನಡುವೆ ಉಳಿದಿದ್ದ ಜಾಗದಲ್ಲಿ, ಸಣ್ಣ ಅಕ್ಷರಗಳಲ್ಲಿ, 'ಚಕ್ರಗಳನ್ನು ಬಿಟ್ಟು' ಎಂದು ಸೇರಿಸಿದಳು.

ತಾಯಿ ಕಾರ್ಡು ಇಸಿದುಕೊಂಡು ಹತ್ತಿರ ಹಿಡಿದರು, ದೂರ ಹಿಡಿದರು.

"ಇರುವೆ ಹರಿದ ಹಾಗಿದೆ. ಯಾರಿಗೆ ಕಾಣ್ಸತ್ತೆ ಇದು?"

ಕಾರ್ಡನ್ನು ಮಗುಚಿ, ಖಾಲಿ ಬದಿ ಮೇಲೆ ಬರುವಂತೆ ಮಗಳ ಮುಂದೆ ಮೇಜಿನ ಮೇಲಿಟ್ಟು, ಫ್ಯಾನಿನ ಗಾಳಿಗೆ ಹಾರದಂತೆ ಎರಡೂ ತುದಿಗಳಿಗೆ ಬೆರಳೊತ್ತಿ ಹಿಡಿದುಕೊಂಡರು.