ಬಂಗುಡೆ ಬಲಕ್ಕೆ, ಬೂತಾಯಿ ಎಡಕ್ಕೆ

ತೊಂಬತ್ತೊಂದರ ಏಪ್ರಿಲ್. ಕೊಲ್ಲಿ ಯುದ್ಧ ಮುಗಿದಿತ್ತು. ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು, ಹೊಗೆಗೆ ಮೀನಾ ಅಬ್ದುಲ್ಲಾ ಊರಿನಲ್ಲಿ ಹಗಲಲ್ಲೇ ದೀಪ ಹಚ್ಚಬೇಕಿತ್ತು. ಗದಗಿನ ಈರಯ್ಯನಾದ ನಾನು ಅಮೆರಿಕನ್ ಸೈನಿಕರ ಕ್ಯಾಂಪಿನಲ್ಲಿ ಪಂಪ್ ಮೆಕ್ಯಾನಿಕ್. ಪಡುಬಿದ್ರಿಯ ಲೋಕನಾಥ ಮೆಸ್ಸಿನ ಅಡುಗೆಯವನು. ದಿನಾ ಅವನು ಬೇಕೆಂದೇ ನನ್ನ ತಟ್ಟೆಗೆ ಮೀನು ತರುವುದು, ನಾನು ಕೈ ಅಡ್ಡ ಹಿಡಿದು "ಒಯ್ಯೋ ಅತ್ಲಾಗ" ಎಂದು ಬೈಯುವುದು, ಸೈನಿಕರು ಬಿದ್ದು ಬಿದ್ದು ನಗುವುದು. ನಮ್ಮ ಮನರಂಜನೆ ಅಷ್ಟೇ.

ಇರಾಕಿನವರು ನುಗ್ಗಿದ ಆಗಸ್ಟಿನಿಂದ ಲೋಕನಾಥನ ಹೆಂಡತಿ ಪುಷ್ಪಾವತಿಗೆ ಅವನ ಸುದ್ದಿಯೇ ಇರಲಿಲ್ಲ. ಸುತ್ತಲಿಗೆಲ್ಲ ಒಂದೇ ಸ್ಯಾಟಲೈಟ್ ಫೋನು. ಶುಕ್ರವಾರ ಪಕ್ಕದ ಕ್ಯಾಂಪಿನೊಡನೆ ಚೆಂಡು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್ ಆಟ, ಗೆದ್ದವರಿಗೆ ಆ ದಿನದ ಫೋನು. "ಗೆದ್ದರೆ ನನ್ನ ಸರದಿ ನಿನಗೆ" ಎಂದು ನಮ್ಮ ಕ್ಯಾಂಪಿನ ಸೈನಿಕ ಡ್ವೇನ್ ಲೋಕನಾಥನಿಗೆ ಮಾತು ಕೊಟ್ಟಿದ್ದ.

ಡ್ವೇನ್ ನಮ್ಮವರ ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. ಇವರ ಆಟದಲ್ಲಿ ಚೆಂಡನ್ನು ಎತ್ತ ಒಯ್ಯಬೇಕೆಂದು ಮೊದಲೇ ಗುಂಪುಗೂಡಿ ಗೊತ್ತು ಮಾಡುತ್ತಾರೆ. ಆಮೇಲೆ ಎದುರಾಳಿಗಳು ನಿಂತ ರೀತಿ ನೋಡಿ, ಕಡೇ ಗಳಿಗೆಯಲ್ಲಿ ಕ್ವಾರ್ಟರ್‌ಬ್ಯಾಕ್ ಅದನ್ನು ಕೂಗಿ ಬದಲಾಯಿಸಬಹುದು. ಇಂಗ್ಲಿಷಿನಲ್ಲಿ ಕೂಗಿದರೆ ಎದುರಿನವರಿಗೂ ತಿಳಿಯುತ್ತದಲ್ಲ? ಅದಕ್ಕೇ ಡ್ವೇನ್ ಲೋಕನಾಥನಿಂದ ಮೀನಿನ ಹೆಸರು ಕಲಿತ. ಬಂಗುಡೆ ಎಂದರೆ ಬಲಕ್ಕೆ, ಬೂತಾಯಿ ಎಂದರೆ ಎಡಕ್ಕೆ.

ಅರ್ಧ ಆಟದವರೆಗೆ ನಮ್ಮದೇ ಮೇಲುಗೈ. ಆಮೇಲೆ ಡ್ವೇನ್ ಏನು ಕೂಗಿದರೂ ಎದುರಿನವರು ಅಲ್ಲಿ ಹಾಜರು. ನೋಡಿದರೆ, ಆಗ ತಾನೇ ಬಂದು ಅವರ ಕಡೆ ಗೆರೆಯಾಚೆ ನಿಂತ ಉಳ್ಳಾಲದ ಅಡುಗೆಯವ ಉಮ್ಮರ್ ಕುಂಞಿ ಕೈ ತೋರಿಸಿ ಹೇಳಿಕೊಡುತ್ತಿದ್ದಾನೆ!

ಲೋಕನಾಥ ತಲೆ ಚಚ್ಚಿಕೊಂಡ. "ಬೆಳಿಗ್ಗೆ ನಾನೇ ಹೇಳಿದ್ದು ಮಾರಾಯ್ರೆ. ಊರಿನವ ಸಿಕ್ಕಿದ, ಮೀನಿನ ಮಾತು ಬಂತು, ಬಾಯಿ ನಿಲ್ಲಲೇ ಇಲ್ಲ. ಹೋಯ್ತು, ನನ್ನ ಫೋನು ಹೋಯ್ತು."

ಕಡೆಯ ಅವಕಾಶ. ಡ್ವೇನ್ "ಬೂತಾಯಿ!" ಎಂದ. ಉಮ್ಮರನ ಕೈ ಎದ್ದಿತು, ಅವರೆಲ್ಲ ಆ ಕಡೆ ಸರಿದರು. ಡ್ವೇನ್ ಆ ಕೈ ನೋಡಿದ. ತಿರುಗಿ, ಗೆರೆಯಾಚೆ ನಿಂತಿದ್ದ ನನ್ನನ್ನು ನೋಡಿದ. ಮತ್ತೆ ಕೂಗಿದ: "ಬೂತಾಯಿ! ಈರಯ್ಯ!"

ಮೀನು ಒಲ್ಲೆ ಎನ್ನುವವನು ನಾನೆಂದು ನಮ್ಮ ತಂಡಕ್ಕೆಲ್ಲ ಗೊತ್ತು; ಈರಯ್ಯ ಎಂದರೆ ಆ ಬೂತಾಯಿ ಬೇಡ ಎಂದೇ ಅರ್ಥ. ಒಬ್ಬನೂ ತಡವರಿಸಲಿಲ್ಲ, ಎಲ್ಲರೂ ಬಲಕ್ಕೆ ಹಾರಿದರು. ಈರಯ್ಯ ಯಾವ ಸಮುದ್ರದ ಮೀನೆಂದು ತಿಳಿಯದೆ ಉಮ್ಮರ್ ಕುಂಞಿಯ ಕೈ ಗಾಳಿಯಲ್ಲೇ ಉಳಿಯಿತು. ಚೆಂಡು ಗೆರೆ ದಾಟಿತ್ತು. ಎಂಥ ತಲೆಯಪ್ಪಾ ಆ ಹುಡುಗನದು! ನಾನು ಟೋಪಿ ಎಸೆದು ಕುಣಿದೆ.

ಮಧ್ಯಾಹ್ನ ಫೋನು ಹಚ್ಚಿದೆವು. ಪಡುಬಿದ್ರಿಯ ಅಂಗಡಿಯವರು ಓಡಿಹೋಗಿ ಪುಷ್ಪಾವತಿಯನ್ನು ಕರೆತಂದರು. ಲೋಕನಾಥ ಎರಡೂ ಕೈಯಲ್ಲಿ ಫೋನು ಹಿಡಿದು, "ಒಣಸ್ ಆಂಡಾ? ದಾದ ಕಜಿಪು?" ಎಂದ. ಊಟ ಆಯಿತೇ, ಏನು ಸಾರು ಎಂದು. ಇಷ್ಟು ತಿಂಗಳ ಮೇಲೆ ಕೇಳುವ ಮಾತೇ ಅದು! ನಗಲು ಹೊರಟವನು ಅವನ ಮುಖ ನೋಡಿ ಹತ್ತಿರ ಸರಿದೆ.

ಅವನು ಫೋನನ್ನು ಎದೆಗೆ ಒತ್ತಿಕೊಂಡ. "ನನ್ನ ಸ್ವರ ಕೇಳುವವರೆಗೆ ಮೀನು ಮುಟ್ಟುದಿಲ್ಲ ಅಂತ ಹರಕೆ ಹೇಳಿದ್ಳಂತೆ. ಬರೀ ಗಂಜಿ, ಉಪ್ಪಿನಕಾಯಿ."

"ಮತ್ತ ಸುಮ್ಮನ ಯಾಕ ನಿಂತಿ?" ಎಂದು ಬೈದೆ. "ಇವತ್ತ ಬೂತಾಯಿ ತರಸು ಅಂತ ಹೇಳೋ ತಂಗಿಗೆ."